ಪಾವಗಡದ ಹಿತ್ತಲಿಗೆ ಬಂದ ಮಣ್ಣಿನ ತಟ್ಟೆ: ಎರಡು ಬೇಸಿಗೆಯ ಬಳಕೆಯ ನಂತರ

ಇದು ಒಂದು ಮಣ್ಣಿನ ತಟ್ಟೆಯ ವಿಮರ್ಶೆ. ಪಾವಗಡದ ಶನಿಮಹಾತ್ಮ ದೇವಸ್ಥಾನದ ಕಡೆಗೆ ಹೋಗುವ ದಾರಿಯಲ್ಲಿ ಮಡಕೆ, ಹಣತೆ, ಹೂಕುಂಡಗಳನ್ನು ಹರಡಿಕೊಂಡು ಕೂರುವ ಕುಂಬಾರ ಕುಟುಂಬವೊಂದರಿಂದ 2024ರ ಫೆಬ್ರವರಿಯಲ್ಲಿ 220 ರೂಪಾಯಿ ಕೊಟ್ಟು ಇದನ್ನು ತಂದೆ. ಹಿತ್ತಲಿಗೆ ಬರುವ ಹಕ್ಕಿಗಳ ಚಿತ್ರ ತೆಗೆಯುವ ಸಲಕರಣೆಯಾಗಿ ಇದು ಎಷ್ಟು ಉಪಯುಕ್ತ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ. ಹಕ್ಕಿಗೆ ನೀರಿಡುವ ಪುಣ್ಯದ ಲೆಕ್ಕವನ್ನು ಬೇರೆಯವರು ಬರೆಯಲಿ.

ತಟ್ಟೆಯ ಬಾಯಿ 14 ಅಂಗುಲ ಅಗಲವಿದೆ, ನಡುವಿನ ಆಳ 2 ಅಂಗುಲಕ್ಕಿಂತ ತುಸು ಹೆಚ್ಚು. ಅಂಚು ಹೆಬ್ಬೆರಳಿನಷ್ಟು ದಪ್ಪವಾಗಿ ಹೊರಕ್ಕೆ ಬಾಗಿದೆ. ಒಳಗೂ ಹೊರಗೂ ಬಣ್ಣವಿಲ್ಲ, ಹೊಳಪಿನ ಲೇಪವಿಲ್ಲ. ತಿಗರಿಯ ಮೇಲೆ ಬೆರಳು ಓಡಿದ ಗೆರೆಗಳು ಸುತ್ತು ಸುತ್ತಾಗಿ ಹಾಗೆಯೇ ಉಳಿದಿವೆ. ಹಕ್ಕಿಗಳಿಗೆಂದು ಕೇಳಿದಾಗ ಮಾರುವ ಹೆಂಗಸು ನಕ್ಕುಬಿಟ್ಟರು. "ಕೋಳಿಗೆ ನೀರಿಡೋಕೆ ಮಾಡಿದ್ದು ಸಾರ್ ಇದು, ಹಕ್ಕಿಗೆ ಅಂತ ನಾವು ಬೇರೆ ಮಾಡಲ್ಲ" ಎಂದರು. ಹಾಗೆ ನೋಡಿದರೆ, ಮಾಡಿದವರಿಗೇ ಗೊತ್ತಿಲ್ಲದ ಕೆಲಸಕ್ಕೆ ನಾನು ಈ ವಸ್ತುವನ್ನು ಹಚ್ಚಿದ್ದೇನೆ. ಮುಂದೆ ಹೇಳುವ ಕೊರತೆಗಳನ್ನು ಓದುವಾಗ ಈ ಮಾತು ನೆನಪಿರಲಿ.

ಇದನ್ನು ಕೊಳ್ಳುವ ಮೊದಲು ನನ್ನ ಚಿತ್ರಗಳ ಸ್ಥಿತಿ ಹೇಗಿತ್ತೆಂದು ಹೇಳಬೇಕು. ನನ್ನ ಬಳಿ ಇರುವುದು ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 70-300 ಮಿ.ಮೀ. ಜೂಮ್ ಲೆನ್ಸ್. ಹಿತ್ತಲಿನ ಬೇವಿನ ಮರ ಕಿಟಕಿಯಿಂದ 12 ಮೀಟರ್ ದೂರದಲ್ಲಿದೆ. ಆ ದೂರದಲ್ಲಿ 300 ಮಿ.ಮೀ. ಲೆನ್ಸಿನ ಚೌಕಟ್ಟಿಗೆ ಸುಮಾರು 94 ಸೆಂ.ಮೀ. ಅಗಲದ ಜಾಗ ಸಿಗುತ್ತದೆ; 15 ಸೆಂ.ಮೀ. ಉದ್ದದ ಗುಬ್ಬಚ್ಚಿ ಅದರ ಆರನೇ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಬೇವಿನ ಎಲೆ. ಅಲ್ಲಿಂದಲೇ ಚೌಕಟ್ಟು ತುಂಬಬೇಕೆಂದರೆ 600 ಮಿ.ಮೀ.ಗೂ ಮೇಲಿನ ಲೆನ್ಸ್ ಬೇಕು, ಅದಕ್ಕೆ ಲಕ್ಷ ರೂಪಾಯಿಯ ಆಸುಪಾಸು ತೆರಬೇಕು. ತಟ್ಟೆಯನ್ನು ಕಿಟಕಿಯಿಂದ ನಾಲ್ಕೂವರೆ ಮೀಟರ್ ದೂರದಲ್ಲಿಟ್ಟ ಮೇಲೆ ಅದೇ ಹಳೆಯ ಲೆನ್ಸಿನ ಚೌಕಟ್ಟು 35 ಸೆಂ.ಮೀ. ಅಗಲ, 23 ಸೆಂ.ಮೀ. ಎತ್ತರಕ್ಕೆ ಇಳಿಯಿತು. ತಟ್ಟೆಯ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ. ಅಂಚಿಗೆ ಬಂದು ಕೂತ ಗುಬ್ಬಚ್ಚಿ ಚೌಕಟ್ಟಿನ ಅರ್ಧದಷ್ಟು ತುಂಬುತ್ತದೆ. ಕಣ್ಣಿನೊಳಗೆ ನಮ್ಮ ಮನೆಯ ಸೂರು ಕಾಣುವಷ್ಟು ಸ್ಪಷ್ಟ ಚಿತ್ರ ನನಗೆ ಮೊದಲ ಬಾರಿಗೆ ಸಿಕ್ಕಿದ್ದು ಹೀಗೆ.

ಇದಕ್ಕೆ ಮೊದಲು ಎರಡು ವಸ್ತುಗಳಿಗೆ ಹಣ ಕಳೆದಿದ್ದೇನೆ. ಆನ್‌ಲೈನಿನಲ್ಲಿ ತರಿಸಿದ ನೇತುಹಾಕುವ ನೀಲಿ ಪ್ಲಾಸ್ಟಿಕ್ ಬಟ್ಟಲು ಒಂದು. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಆರೇ ವಾರದಲ್ಲಿ ಸುಕ್ಕಾಗಿ, ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯಿತು. ಮುರಿಯುವ ಮೊದಲೂ ಅದರಿಂದ ಒಳ್ಳೆಯ ಚಿತ್ರ ಬರಲಿಲ್ಲ: ಬಿಸಿಲು ಬಿದ್ದಾಗ ಪ್ಲಾಸ್ಟಿಕ್ಕಿನ ನೀಲಿ ಹಕ್ಕಿಯ ಎದೆಗೂ ಕೆನ್ನೆಗೂ ಬಳಿದುಕೊಳ್ಳುತ್ತಿತ್ತು, ಗುಬ್ಬಚ್ಚಿಯ ಬಿಳಿಯ ಕೆನ್ನೆ ನೀಲಿ ಹಾಕಿ ಒಗೆದ ಪಂಚೆಯಂತಾಗುತ್ತಿತ್ತು. ಎರಡನೆಯದು ಸಿಮೆಂಟಿನ ತೊಟ್ಟಿ. ಗಟ್ಟಿಮುಟ್ಟಾದದ್ದೇನೋ ಹೌದು, ಆದರೆ ಒಣಗಿದ ಸಿಮೆಂಟಿನ ಬಿಳಿಬೂದಿ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕ್ಯಾಮೆರಾ ಅದನ್ನು ನೋಡಿ ಬೆಳಕು ಕಡಿಮೆ ಮಾಡಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಅದನ್ನು ಅಲ್ಲಾಡಿಸಲು ಇಬ್ಬರು ಬೇಕು. ಈಗ ಅದರಲ್ಲಿ ಕರಿಬೇವು ಬೆಳೆದಿದೆ.

ಮಣ್ಣಿನ ತಟ್ಟೆಯ ಮೊದಲ ಗುಣ ಬಣ್ಣ. ಒಣಗಿದಾಗ ಇಟ್ಟಿಗೆಯ ಕೆಂಪು, ನೆನೆದಾಗ ಕಾಚಿನ ಕಂದು. ಎರಡೂ ಹೊಳೆಯುವುದಿಲ್ಲ, ಹಕ್ಕಿಯ ಮೈಗೆ ಬಣ್ಣ ಮೆತ್ತುವುದೂ ಇಲ್ಲ. ಎರಡನೆಯದು ಅಂಚು. ಒರಟು ಮಣ್ಣಿನ ದಪ್ಪ ಅಂಚನ್ನು ಉಗುರು ಹಿಡಿಯುತ್ತದೆ, ಆದ್ದರಿಂದ ಹಕ್ಕಿ ಜಾರುವ ಅಂಜಿಕೆಯಿಲ್ಲದೆ ಒಂದೇ ಕಡೆ ಕೂರುತ್ತದೆ. ಒಂದೇ ಕಡೆ ಕೂತ ಹಕ್ಕಿಗೆ ಫೋಕಸ್ ಮಾಡುವುದು ಸುಲಭ. ಮೂರನೆಯದು ತಂಪು. ಲೇಪವಿಲ್ಲದ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಒಸರಿ, ಆವಿಯಾಗಿ, ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕುಡಿಯುವ ನೀರಿನ ಮಡಕೆಯದೇ ಸೂತ್ರ. ಮಧ್ಯಾಹ್ನ ಎರಡು ಗಂಟೆಗೆ ಪಕ್ಕದ ಪ್ಲಾಸ್ಟಿಕ್ ಟಬ್ಬಿನ ನೀರು ಬೆರಳಿಗೆ ಚುರುಕೆನ್ನುವಾಗಲೂ ತಟ್ಟೆಯ ನೀರು ಹಿತವಾಗಿರುತ್ತದೆ. ಹಕ್ಕಿಗಳು ಟಬ್ಬನ್ನು ಬಿಟ್ಟು ತಟ್ಟೆಗೇ ಇಳಿಯುವುದನ್ನು ನಾನು ಎರಡು ಬೇಸಿಗೆಯಲ್ಲೂ ನೋಡಿದ್ದೇನೆ.

ಆದರೆ ಇದೇ ಗುಣಕ್ಕೆ ಬೆಲೆಯೂ ಇದೆ. ಏಪ್ರಿಲ್‌ನಲ್ಲಿ ಬೆಳಗ್ಗೆ ತುಂಬಿದ ಎರಡೂವರೆ ಲೀಟರ್ ನೀರು ಸಂಜೆಯ ಹೊತ್ತಿಗೆ ಅರ್ಧಕ್ಕೂ ಕೆಳಗೆ ಹೋಗಿರುತ್ತದೆ, ಹಕ್ಕಿಗಳು ಕುಡಿದದ್ದು ಅದರಲ್ಲಿ ಅಲ್ಪ. ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡಿರುವ, ಬೋರ್‌ವೆಲ್‌ಗಳು ವರ್ಷ ವರ್ಷವೂ ಆಳಕ್ಕೆ ಹೋಗುವ ಈ ತಾಲ್ಲೂಕಿನಲ್ಲಿ ದಿನಕ್ಕೆ ಒಂದೂವರೆ ಲೀಟರ್ ನೀರು ಗಾಳಿಗೆ ಹೋಗುತ್ತದೆ ಎಂದರೆ ಮನೆಯಲ್ಲಿ ಮಾತು ಬರುತ್ತದೆ, ಬಂದಿದೆ. ಅಕ್ಕಿ ತೊಳೆದ ನೀರನ್ನು ತಟ್ಟೆಗೆ ಹಾಕಿ ನೋಡಿದೆ. ಅರ್ಧ ದಿನಕ್ಕೆ ಹುಳಿ ವಾಸನೆ ಬಂತು, ಕೈಬಿಟ್ಟೆ.

ನೀರಿನದೇ ಇನ್ನೊಂದು ತಾಪತ್ರಯ ಉಪ್ಪು. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು, ಹಳ್ಳಿ ಹಳ್ಳಿಗೆ ಶುದ್ಧ ನೀರಿನ ಘಟಕಗಳು ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರ ಗಡಸುತನ ತಟ್ಟೆಯ ಮೇಲೆ ಕಣ್ಣಿಗೇ ಕಾಣುತ್ತದೆ. ನೀರು ಇಂಗಿ ಆವಿಯಾದಂತೆಲ್ಲ ಅಂಚಿನ ಹೊರಗೆ ಬಿಳಿಯ ಪುಡಿ ಏಳುತ್ತದೆ, ಹದಿನೈದು ದಿನಕ್ಕೆ ಅದು ಸುಣ್ಣ ಬಳಿದಂತೆ ಗಟ್ಟಿಯಾಗುತ್ತದೆ. ನಾನು ಹೊಗಳಿದ ಆ ಕಂದು ಬಣ್ಣ ಅಲ್ಲಿಗೆ ಮುಗಿಯಿತು. ಚಿತ್ರದಲ್ಲಿ ಹಕ್ಕಿಯ ಕಾಲಬುಡದಲ್ಲೇ ಬಿಳಿಯ ಗೀಟು ಉರಿಯುತ್ತದೆ. ಹುಣಸೆಹಣ್ಣು ಕಿವುಚಿದ ಚರಟದಿಂದ ಉಜ್ಜಿದರೆ ಹೊಸ ಪೊರೆ ಹೋಗುತ್ತದೆ, ಹಳೆಯದು ಹೋಗುವುದಿಲ್ಲ. ಎರಡನೆಯ ಬೇಸಿಗೆಯಿಂದ ಚಿತ್ರ ತೆಗೆಯುವ ದಿನಗಳಲ್ಲಿ ಮಾತ್ರ ಘಟಕದ ನೀರು ಹಾಕುತ್ತಿದ್ದೇನೆ. 5 ರೂಪಾಯಿಗೆ ತಂದ ಕ್ಯಾನಿನ ನೀರನ್ನು ಹಕ್ಕಿಗೆ ಸುರಿಯುವುದನ್ನು ಬೀದಿಯವರು ನೋಡಬಾರದೆಂದು ಹಿತ್ತಲ ಬಾಗಿಲಿನಿಂದಲೇ ಒಯ್ಯುತ್ತೇನೆ.

ಪಾಚಿಯ ವಿಷಯವನ್ನೂ ಹೇಳಲೇಬೇಕು. ಮಣ್ಣಿನ ರಂಧ್ರಗಳಲ್ಲಿ ಪಾಚಿ ಹಿಡಿದರೆ ಸ್ಟೀಲಿನ ಹಾಗೆ ಒರೆಸಿದರೆ ಹೋಗುವುದಿಲ್ಲ. ಎರಡು ದಿನಕ್ಕೊಮ್ಮೆ ತೆಂಗಿನ ನಾರು ಮತ್ತು ಒಲೆಯ ಬೂದಿಯಿಂದ ತಿಕ್ಕಿ, ಬೋರಲು ಹಾಕಿ ಬಿಸಿಲಿಗೆ ಒಣಗಿಸಬೇಕು. ಸೋಪು ಹಾಕಿದರೆ ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಬರೇ ನೀರು ಚೆಲ್ಲಿ ಮತ್ತೆ ತುಂಬಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಗೋಡೆಗೇ ಅಂಟಿಸುತ್ತದೆ, ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹೀಗಾಗಿ ಒಂದು ಒಣಗುವಾಗ ಇನ್ನೊಂದು ಬೇಕು, ಅಂದರೆ ಕೊಳ್ಳುವವರು ಜೋಡಿಯಾಗಿಯೇ ಕೊಳ್ಳಬೇಕು. 220 ರೂಪಾಯಿಯ ವಸ್ತು ನಿಜಕ್ಕೂ 440 ರೂಪಾಯಿಯದು.

ತಟ್ಟೆಯನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಅದರ ಅರ್ಧ ಯೋಗ್ಯತೆ ನಿಂತಿದೆ. ಮೊದಲ ತಿಂಗಳು ನೆಲದ ಮೇಲೆ, ಕಾಂಪೌಂಡಿಗೆ ಅಂಟಿಸಿಟ್ಟೆ. ಎಲ್ಲ ಚಿತ್ರಗಳಲ್ಲೂ ಹಕ್ಕಿಯ ಬೆನ್ನು, ಹಿಂದೆ ಹಾಲೋಬ್ಲಾಕಿನ ಸಂದುಗಳು. ಅಜ್ಜಿಯ ಕಾಲದ ಒರಳುಕಲ್ಲು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಉರುಳಿಸಿಕೊಂಡು ಬಂದು ಮೇಲೆ ತಟ್ಟೆಯನ್ನಿಟ್ಟಾಗ ಅಂಚು ಕಿಟಕಿಯ ಕಟ್ಟೆಯ ಮಟ್ಟಕ್ಕೆ ಬಂತು, ಹಕ್ಕಿಯ ಕಣ್ಣು ಲೆನ್ಸಿನ ನೇರಕ್ಕೆ ಬಂತು. ಹಿನ್ನೆಲೆಯಲ್ಲಿ ಎಂಟು ಮೀಟರ್ ಆಚೆಯ ರಾಗಿ ಹುಲ್ಲಿನ ಬಣವೆ ಬರುವಂತೆ ಒಂದು ಗೇಣು ಸರಿಸಿದ ಮೇಲೆ ಗೋಡೆ ಮಾಯವಾಗಿ ಹೊಂಬಣ್ಣದ ಮಂಜು ಉಳಿಯಿತು. ಈ ದೂರದಲ್ಲಿ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 5.6ಕ್ಕೆ ಇಟ್ಟರೆ ಸ್ಪಷ್ಟವಾಗಿ ಮೂಡುವ ಆಳ 5 ಸೆಂ.ಮೀ. ಮಾತ್ರ. ಗುಬ್ಬಚ್ಚಿ ನಮಗೆ ಎದುರಾಗಿ ಕೂತರೆ ಕೊಕ್ಕು ಸರಿ, ಬಾಲ ಹೊಗೆ. ಕಿಂಡಿಯನ್ನು ಕಿರಿದು ಮಾಡಿ ಎಫ್ 8ಕ್ಕೆ ಹೋದರೆ 7 ಸೆಂ.ಮೀ. ಸಿಗುತ್ತದೆ, ನಮ್ಮ ಬಿಸಿಲಿನಲ್ಲಿ ಅದಕ್ಕೆ ಬೆಳಕಿನ ಬಡತನವಿಲ್ಲ.

ನಮ್ಮ ಹಿತ್ತಲು ಮನೆಯ ಪಶ್ಚಿಮಕ್ಕಿದೆ. ಏಪ್ರಿಲ್‌ನಲ್ಲಿ ಎಂಟೂಕಾಲಿಗೆ ಮನೆಯ ನೆರಳು ತಟ್ಟೆಯಿಂದ ಸರಿಯುತ್ತದೆ, ಬೆಳಕು ನನ್ನ ಬೆನ್ನ ಹಿಂದಿನಿಂದ ಬಂದು ಹಕ್ಕಿಯ ಮುಖಕ್ಕೆ ಬೀಳುತ್ತದೆ. ಒಂಬತ್ತೂವರೆಯವರೆಗೆ ಬಣ್ಣದ ಚಿತ್ರಗಳಿಗೆ ಅದೇ ಹೊತ್ತು. ಆಮೇಲೆ ಸಂಜೆ ನಾಲ್ಕೂವರೆಯತನಕ ಕ್ಯಾಮೆರಾ ಒಳಗಿಡುವುದು ಲೇಸು. ಸಂಜೆ ಸೂರ್ಯ ತಟ್ಟೆಯ ಹಿಂದಕ್ಕೆ ಹೋದಾಗ ಹಕ್ಕಿಯ ಮೈ ಕಪ್ಪಾಗುತ್ತದೆ, ಆದರೆ ಎರಚುವ ಪ್ರತಿ ಹನಿಯೂ ಹೊತ್ತಿಕೊಳ್ಳುತ್ತದೆ. ಮೀಯುವ ಹಕ್ಕಿಯನ್ನು ತೆಗೆಯಲು ಇದೇ ಸಮಯ, ಶಟರ್ 1/2000 ಸೆಕೆಂಡಿಗಿಂತ ನಿಧಾನವಾದರೆ ಹನಿಗಳು ಗೀಟುಗಳಾಗುತ್ತವೆ. ಕಿಟಕಿಯ ಸೊಳ್ಳೆ ಪರದೆಯನ್ನು ಒಂದು ಮೂಲೆಯಲ್ಲಿ ಬಿಚ್ಚಿ, ಹಳೆಯ ಕಾಟನ್ ಸೀರೆ ಇಳಿಬಿಟ್ಟು, ಅದರ ತೂತಿನಿಂದ ಲೆನ್ಸನ್ನು ಹೊರಗಿಟ್ಟಿದ್ದೇನೆ.

ತಟ್ಟೆಯ ಮುಂದೆ ಕೂತ ಮೇಲೆ ಹಕ್ಕಿಗಳ ನಡವಳಿಕೆ ಪಾಠದ ಹಾಗೆ ಬಿಚ್ಚಿಕೊಳ್ಳುತ್ತದೆ. ಪಾರಿವಾಳದ ಜಾತಿಯ ಬೆಳವ ಕೊಕ್ಕನ್ನು ನೀರಿನಲ್ಲಿ ಅದ್ದಿ, ತಲೆ ಎತ್ತದೆ, ದನದ ಹಾಗೆ ಒಂದೇ ಸಮನೆ ಹೀರುತ್ತದೆ. ಗುಬ್ಬಚ್ಚಿಗೆ, ಪಿಕಳಾರಕ್ಕೆ ಅದು ಬಾರದು. ಒಂದು ಗುಟುಕನ್ನು ಕೊಕ್ಕಿಗೆ ತುಂಬಿಕೊಂಡು, ತಲೆ ಮೇಲೆತ್ತಿ, ಗಂಟಲಿಗೆ ಇಳಿಸಬೇಕು. ತಲೆ ಎತ್ತುವ ಆ ಕ್ಷಣದಲ್ಲಿ ಕೆಳಗಿನ ಕೊಕ್ಕಿನ ತುದಿಯಲ್ಲಿ ಒಂದು ಹನಿ ತೂಗುತ್ತದೆ. ಎಣಿಸಿ ನೋಡಿದರೆ ಮೂರನೆಯ ಅಥವಾ ನಾಲ್ಕನೆಯ ಗುಟುಕಿಗೆ ಹಕ್ಕಿ ನಿರಾಳವಾಗುತ್ತದೆ, ಕಣ್ಣು ಅರೆಮುಚ್ಚುತ್ತದೆ. ಶಟರ್ ಒತ್ತಬೇಕಾದದ್ದು ಆಗ. ಮೊದಲ ಗುಟುಕಿಗೇ ಒತ್ತಿದರೆ ಸದ್ದಿಗೆ ಬೆಚ್ಚಿ ಹಾರಿಹೋಗುತ್ತದೆ, ಹತ್ತು ನಿಮಿಷ ಇತ್ತ ಸುಳಿಯುವುದಿಲ್ಲ. ಕಬ್ಬಕ್ಕಿಯ ಕರಿ ಜುಟ್ಟು ನೆನೆದು ಕುತ್ತಿಗೆಗೆ ಅಂಟಿಕೊಂಡಾಗ ಅದು ಎಣ್ಣೆ ಸ್ನಾನ ಮುಗಿಸಿದ ಹಬ್ಬದ ದಿನದ ಹುಡುಗನಂತೆ ಕಾಣುತ್ತದೆ. ಹರಟೆಮಲ್ಲಗಳು ಮಾತ್ರ ಆರೇಳು ಒಟ್ಟಿಗೆ ಬಂದು, ತಟ್ಟೆಯಲ್ಲಿ ನೂಕಾಡಿ, ಇರುವ ನೀರನ್ನೆಲ್ಲ ಹೊರಗೆ ಚೆಲ್ಲಿ ಹೋಗುತ್ತವೆ. ಮಕರಂದ ಹೀರುವ ಪುಟ್ಟ ಸೂರಕ್ಕಿ ಎರಡು ವರ್ಷದಲ್ಲಿ ಒಮ್ಮೆಯೂ ತಟ್ಟೆಗೆ ಇಳಿದಿಲ್ಲ. ಕರಿಬೇವಿನ ಎಲೆಗಳಿಗೆ ನೀರು ಚಿಮುಕಿಸಿದರೆ ಬಂದು ಎಲೆಗೆ ಮೈ ಉಜ್ಜಿಕೊಳ್ಳುತ್ತದೆ. ಸೂರಕ್ಕಿಯ ಆಸೆಯಿಂದ ತಟ್ಟೆ ಕೊಳ್ಳುವವರು ಕೊಳ್ಳಬೇಡಿ.

2024ರ ಬೇಸಿಗೆಯಷ್ಟು ಹಕ್ಕಿಗಳು ಮರುವರ್ಷ ಬರಲಿಲ್ಲ, ಕಾರಣ ಊಹಿಸುವುದು ಕಷ್ಟವಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದರು; ಸುತ್ತಲಿನ ಕುಂಟೆಗಳು ಬಿರಿದಿದ್ದವು. ಆ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಶಿಕ್ರವೊಂದು ಬಂದು ತಟ್ಟೆಯ ನಡುವೆ ಎದೆಮಟ್ಟ ನೀರಿನಲ್ಲಿ ನಿಂತಿತು. ಬೇವಿನ ಮರದಲ್ಲಿ ಒಂದು ಚಿಲಿಪಿಲಿಯೂ ಇಲ್ಲ. ಬೇಟೆಗಾರ ಹಕ್ಕಿ ಬೇಟೆಯನ್ನು ಮರೆತು ಸುಮ್ಮನೆ ನೆನೆಯುತ್ತ ನಿಂತದ್ದನ್ನು ತೆಗೆಯುವಾಗ ನನ್ನ ಕೈ ನಡುಗಿ ಹತ್ತರಲ್ಲಿ ಏಳು ಚಿತ್ರ ಹಾಳಾದವು. ಕಲ್ಲಿನ ಮೇಲೆ ಕೂತ ಹಕ್ಕಿಗಾಗಿ ಮಧುಗಿರಿಯ ಮೈದನಹಳ್ಳಿಯ ಹುಲ್ಲುಗಾವಲಿಗೆ, ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಾಗಿ ಶಿರಾದ ಕಗ್ಗಲಡುವಿಗೆ ಬೈಕಿನಲ್ಲಿ ಹೋಗಿ ಬಂದವನು ನಾನು. ಉಳಿದ ಆ ಮೂರರಷ್ಟು ಹತ್ತಿರದ ಚಿತ್ರ ಅಲ್ಲೆಲ್ಲೂ ಸಿಕ್ಕಿರಲಿಲ್ಲ.

ಆಳದ ಬಗ್ಗೆ ಒಂದು ದೂರು. ನಡುವಿನ 2 ಅಂಗುಲ ಪಿಕಳಾರಕ್ಕೂ ಗೊರವಂಕಕ್ಕೂ ಸರಿ, ಗುಬ್ಬಚ್ಚಿಗೂ ರಾಟವಾಳಕ್ಕೂ ಹೆಚ್ಚು. ಅವು ಅಂಚಿನಲ್ಲೇ ಕುಡಿದು ಹೋಗುತ್ತವೆ, ಇಳಿದು ಮೀಯುವುದಿಲ್ಲ. ಒಳಗಿನ ಇಳಿಜಾರೂ ಕಡಿದು. ನಾನು ಒಂದು ಪಕ್ಕಕ್ಕೆ ಚಪ್ಪಟೆ ಕಲ್ಲಿನ ಚೂರು ಹಾಕಿ ಆಳವನ್ನು ಅರ್ಧ ಅಂಗುಲಕ್ಕೆ ಇಳಿಸಿದೆ. ಮಾರನೆಯ ದಿನವೇ ಗುಬ್ಬಚ್ಚಿಗಳು ಅದರ ಮೇಲೆ ನಿಂತು ಮಿಂದವು. ಕಲ್ಲು ಕ್ಯಾಮೆರಾದ ಕಡೆಗಿದ್ದರೆ ಚಿತ್ರದಲ್ಲಿ ಅಡ್ಡ ಬರುತ್ತದೆ, ಆಚೆ ಬದಿಗಿರಬೇಕು. ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಅಲ್ಲಲ್ಲಿ ಹಂಚುವ, ಮರಕ್ಕೆ ನೇತುಹಾಕುವ ಅಂಗೈಯಗಲದ ಬಟ್ಟಲುಗಳಿಗೆ ಹೋಲಿಸಿದರೆ ಈ ತಟ್ಟೆ ಎಷ್ಟೋ ಮೇಲು. ಆ ಬಟ್ಟಲುಗಳು ಹನ್ನೊಂದು ಗಂಟೆಗೇ ಒಣಗುತ್ತವೆ, ಗಾಳಿಗೆ ತೂಗುತ್ತವೆ, ತೂಗುವ ಬಟ್ಟಲಿನ ಮೇಲಿನ ಹಕ್ಕಿಗೆ ಫೋಕಸ್ ಹಿಡಿಯುವುದು ಜಾತ್ರೆಯ ತೊಟ್ಟಿಲಲ್ಲಿ ಕೂತವರಿಗೆ ಚಹಾ ಕೊಟ್ಟಂತೆ.

ಮರುಭೂಮಿಯಲ್ಲೇ ಮನೆ ಮಾಡಿರುವವರು ಏನು ಬಳಸುತ್ತಾರೆಂದು ತಿಳಿಯುವ ಅವಕಾಶವೂ ನನಗಿದೆ. ಅಣ್ಣನ ಮಗಳು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿದ್ದಾಳೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 200 ಮಿ.ಮೀ. ಮಳೆ, ಬರದ ತಾಲ್ಲೂಕೆಂದು ಹೆಸರಾದ ಪಾವಗಡಕ್ಕೂ ಅದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಅವಳ ಹಿತ್ತಲಿನಲ್ಲಿ ಮೆಸ್ಕೀಟ್ ಮರವಿದೆ, ನಮ್ಮ ಬೀಡು ಭೂಮಿಯನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿ ಅದೇ ಕುಲದ್ದು, ಅದೇ ಖಂಡದಿಂದ ಬಂದದ್ದು. ಅವಳು ಕಳಿಸುವ ಚಿತ್ರಗಳಲ್ಲಿ ಸಗ್ವಾರೊ ಕಳ್ಳಿಯ ಕಂಬದಲ್ಲಿ ಪೊಟರೆ ಕೊರೆಯುವ ಗೀಲಾ ಮರಕುಟಿಗ, 1931ರಿಂದ ಆ ರಾಜ್ಯದ ಪಕ್ಷಿಯಾಗಿರುವ ಕ್ಯಾಕ್ಟಸ್ ರೆನ್, ತಲೆಯ ಮೇಲೆ ಗರಿಯ ಕೊಂಡಿ ತೂಗಿಸಿಕೊಂಡು ಸಾಲಾಗಿ ನಡೆಯುವ ಗ್ಯಾಂಬೆಲ್ ಕ್ವೇಲ್‌ಗಳು ಇರುತ್ತವೆ. "ಚಿಕ್ಕಪ್ಪ, ನೆಲದ ಮೇಲೂ ಒಂದಿಡಿ, ನಡೆಯುವ ಹಕ್ಕಿಗಳು ಕಲ್ಲು ಹತ್ತಿ ಬರಲ್ಲ" ಎಂದು ಹೇಳಿದವಳು ಅವಳೇ. ಎರಡನೆಯ ತಟ್ಟೆಯನ್ನು ಬೇಲಿಯ ಬಳಿ ನೆಲಕ್ಕಿಟ್ಟ ವಾರಕ್ಕೆ ಗೌಜಲಹಕ್ಕಿಯ ಜೋಡಿ ಬಂತು. ಅದನ್ನು ತೆಗೆಯಲು ನೆಲದ ಮೇಲೆ ಬೋರಲು ಮಲಗಬೇಕು. ಮಲಗಿದ್ದೆ, ಇರುವೆ ಕಚ್ಚಿಸಿಕೊಂಡೆ, ಎದ್ದೆ. ಅದೇ ವಾರ ಪಕ್ಕದ ಮನೆಯ ಬೆಕ್ಕಿಗೂ ಆ ಜಾಗ ಪರಿಚಯವಾಯಿತು. ಈಗ ನೆಲದ ತಟ್ಟೆಯ ಸುತ್ತ ಎರಡು ಮಾರು ಜಾಗದಲ್ಲಿ ಕಳೆ ತೆಗೆದು ಬಯಲು ಮಾಡಿದ್ದೇನೆ, ಬೆಕ್ಕು ಬಂದರೆ ಹಕ್ಕಿಗೆ ಮೊದಲೇ ಕಾಣಲಿ ಎಂದು.

ಬಾಳಿಕೆಯ ಮಾತು. ಮೊದಲ ತಟ್ಟೆ ಹದಿನಾಲ್ಕು ತಿಂಗಳು ಬಂತು. ಕೋತಿಯೊಂದು ಒರಳಿನ ಮೇಲಿಂದ ಅದನ್ನು ಎತ್ತಿ, ಒಳಗೇನಿದೆ ಎಂದು ನೋಡಿ, ಬಿಟ್ಟಿತು. ಎರಡನೆಯದಕ್ಕೆ ಕೂದಲೆಳೆಯ ಬಿರುಕಿದೆ, ಬಹುಶಃ ಸುಡುವಾಗಲೇ ಬಂದದ್ದು. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಗಂಟೆಯ ಹಾಗೆ ಠಣ್ ಎಂದರೆ ಚೆನ್ನಾಗಿ ಸುಟ್ಟಿದೆ, ಡಬ್ ಎಂದರೆ ಬಿರುಕಿದೆ ಅಥವಾ ಹಸಿ ಉಳಿದಿದೆ. ತಂದ ದಿನ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ದೂರದ ಊರಿಗೆ ಕಳಿಸಿ ಎಂದು ಕೇಳಬೇಡಿ, ಅವರು ಕಟ್ಟಿ ಕಳಿಸುವವರಲ್ಲ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಕಳೆದ ವಾರ ಹೋಗಿ ಹೊಸ ಜೋಡಿಗೆ ಹೇಳಿಬಂದೆ. ಬಾಯಿ 16 ಅಂಗುಲ, ನಡುವಿನ ಆಳ ಒಂದೂವರೆ, ಒಂದು ಬದಿಯ ಇಳಿಜಾರು ಗುಬ್ಬಚ್ಚಿ ನಡೆದಿಳಿಯುವಷ್ಟು ಮೆತ್ತಗೆ, ಅಂಚು ಮೊದಲಿನಷ್ಟೇ ದಪ್ಪ. ತಿಗರಿಯ ಮೇಲೆ ಒಂದು ಬದಿ ಮಾತ್ರ ಇಳಿಜಾರು ಬರುವುದಿಲ್ಲ, ಹಸಿ ಇರುವಾಗ ಕೈಯಲ್ಲಿ ತಿದ್ದಬೇಕು, ಅದಕ್ಕೆ 60 ರೂಪಾಯಿ ಹೆಚ್ಚಾಗುತ್ತದೆ ಎಂದರು. ಒಪ್ಪಿಕೊಂಡು 100 ರೂಪಾಯಿ ಮುಂಗಡ ಕೊಟ್ಟಿದ್ದೇನೆ. ಮಡಕೆ ಸುಡುವ ಆವಗೆಗೆ ಹಾಕುವುದು ಶಿವರಾತ್ರಿ ಕಳೆದ ಮೇಲಂತೆ.